ಹಸಿರು ಕೋಸಿಗೆ ನಮ್ಮೂರ ಒಗ್ಗರಣೆ

ಪಲ್ಯ ಎಂದರೆ ಎಲೆಯ ಮೂಲೆಯಲ್ಲಿ ಕೂರುವ ಸಣ್ಣ ಪದಾರ್ಥ. ಅನ್ನಕ್ಕೆ, ಸಾರಿಗೆ ಸಿಗುವ ಮರ್ಯಾದೆ ಅದಕ್ಕಿಲ್ಲ. ಆದರೆ ಪಲ್ಯವಿಲ್ಲದ ದಿನ ಊಟ ಮುಗಿದರೂ ಏನೋ ಬಾಕಿ ಉಳಿದಂತೆ ಅನಿಸುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಈ ‘ಬಾಕಿ’ ಎಂಬ ಮಾತು ಬೇಗ ಬಾಯಿಗೆ ಬರುತ್ತದೆ!

ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದ ನನ್ನ ನೌಕರಿಯ ಬಹುಪಾಲು ತುಮಕೂರು ಜಿಲ್ಲೆಯ ನಾಲ್ಕು ಊರುಗಳಲ್ಲೇ ಕಳೆಯಿತು. ಶಿರಾ, ಕೊರಟಗೆರೆ, ಪಾವಗಡ, ಮಧುಗಿರಿ. ವರ್ಗವಾದಾಗ ಲೆಡ್ಜರು ಎಲ್ಲ ಕಡೆಯೂ ಒಂದೇ, ಪಲ್ಯ ಮಾತ್ರ ಬೇರೆ. ಕೊರಟಗೆರೆಯ ಕಡೆ ತೆಂಗು, ಅಡಿಕೆಯ ತೋಟಗಳಿವೆ. ಅಲ್ಲಿ ಯಾವ ಪಲ್ಯ ಮಾಡಿದರೂ ಮೇಲೊಂದು ಹಿಡಿ ಕಾಯಿತುರಿ. ಪಾವಗಡ ಮಳೆ ಕಡಿಮೆಯ ಸೀಮೆ, ಸುತ್ತಲೂ ಆಂಧ್ರ, ಹೊಲದ ತುಂಬ ಕಡಲೆಕಾಯಿ. ಕೌಂಟರಿನ ಮುಂದೆ ನಿಂತ ರೈತರ ಮುಖ ನೋಡಿಯೇ ಆ ವರ್ಷ ಕಡಲೆಕಾಯಿ ಹೇಗೆ ಬಂದಿದೆ ಎಂದು ನಾವು ಹೇಳಿಬಿಡುತ್ತಿದ್ದೆವು. ಅಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಅಜ್ಜಿ ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡುತ್ತಿದ್ದರು. ತೆಂಗಿನಕಾಯಿ ಇಲ್ಲದಿದ್ದರೆ ಹುರಿದ ಕಡಲೆಕಾಯಿ ಬೀಜದ ಪುಡಿ ಉದುರಿಸಿ ಪಲ್ಯ ಮಾಡುವುದನ್ನು ನನ್ನ ಹೆಂಡತಿಗೆ ಹೇಳಿಕೊಟ್ಟವರು ಅವರೇ. ನಿವೃತ್ತಿಯ ನಂತರ ನಾವು ಮಧುಗಿರಿಯ ಏಕಶಿಲಾ ಬೆಟ್ಟ ಕಾಣುವ ಒಂದು ಬೀದಿಯಲ್ಲಿ ನೆಲೆ ನಿಂತೆವು. ಆ ಪುಡಿಯ ಡಬ್ಬವೂ ನಮ್ಮ ಜೊತೆ ಬಂತು.

ಎರಡು ವರ್ಷದ ಹಿಂದೆ ನನ್ನ ಹೆಂಡತಿಗೆ ಕೈ ನಡುಕ ಶುರುವಾಯಿತು. ಬಿಸಿ ಪಾತ್ರೆ ಇಳಿಸುವುದು, ತರಕಾರಿ ಹೆಚ್ಚುವುದು ಬೇಡ ಎಂದರು ವೈದ್ಯರು. ಸೌಟು ನನ್ನ ಕೈಗೆ ಬಂತು. ಆಕೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಿದ್ದಳು, ನಾನು ಮಾಡುತ್ತಿದ್ದೆ. ಕ್ರಮೇಣ ಹೇಳುವುದೂ ಕಡಿಮೆಯಾಯಿತು. ಒಂದು ಸಂಜೆ, “ನೀವೇ ಎಲ್ಲ ಕಲಿತುಬಿಟ್ರಲ್ಲ, ಇನ್ನು ನನ್ನಿಂದ ಏನಾಗಬೇಕು” ಎಂದಳು. ನಗುತ್ತಲೇ ಹೇಳಿದಳು. ಆದರೆ ಆಮೇಲೆ ಆ ಕುರ್ಚಿ ಬಾಗಿಲಿನಿಂದ ಜಗಲಿಗೆ ಹೋಯಿತು.

ದಸರಾ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಳು. ಮೂರನೇ ಕ್ಲಾಸು. ಸೊಪ್ಪು ಬೇಡ, ಬೆಂಡೆಕಾಯಿ ಬೇಡ, ಹುರುಳಿಕಾಯಿ ಕಂಡರೆ ಮುಖ ಆ ಕಡೆ. ಸೊಸೆ ಬರುವಾಗ ಚೀಲದಲ್ಲಿ ಎರಡು ಬ್ರೊಕೊಲಿ ಹೂ ತಂದಿದ್ದಳು. “ಮಾವ, ತರಕಾರಿ ಅಂತ ಇವಳು ತಿನ್ನೋದು ಇದೊಂದೇ. ಬೇಯಿಸಿ ಸ್ವಲ್ಪ ಬೆಣ್ಣೆ ಹಾಕಿಕೊಟ್ಟರೆ ಸಾಕು” ಎಂದಳು.

ನನ್ನ ಹೆಂಡತಿ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. “ಇದೇನ್ರೀ ಇದು, ಹೂಕೋಸಿಗೆ ಪಾಚಿ ಹಿಡಿದಂಗಿದೆ!” ಎಂದಳು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಅಜ್ಜಿ ಒಂದು ಚೂರು ಮುರಿದು ಮೂಸಿದಳು, ಕಡ್ಡಿಯನ್ನು ಕಚ್ಚಿ ನೋಡಿದಳು. ಆಮೇಲೆ ಕುರ್ಚಿಯನ್ನು ಅಡುಗೆಮನೆಗೆ ತರಲು ಹೇಳಿದಳು. “ಇದು ಕೋಸಿನ ಜಾತೀದು. ಕೋಸಿಗೆ ಏನು ಮಾಡ್ತೀವೋ ಅದೇ ಮಾಡೋಣ. ಬೇಯಿಸೋದು ಮಾತ್ರ ಅದಕ್ಕಿಂತ ಕಡಿಮೆ.”

ಮಕ್ಕಳೇ, ಅಜ್ಜಿಯ ಮೂಗು ಹೇಳಿದ್ದು ಸಸ್ಯಶಾಸ್ತ್ರದ ಪ್ರಕಾರವೂ ಸರಿ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ಎಲ್ಲವೂ ಒಂದೇ ಜಾತಿಯ ಸಸ್ಯ. ವಿಜ್ಞಾನಿಗಳು ಅದನ್ನು ‘ಬ್ರಾಸಿಕಾ ಒಲೆರೇಸಿಯಾ’ ಎನ್ನುತ್ತಾರೆ. ಸಾವಿರಾರು ವರ್ಷ ರೈತರು ಒಂದರಲ್ಲಿ ಎಲೆ ದಪ್ಪವಿರುವ ಗಿಡವನ್ನು, ಇನ್ನೊಂದರಲ್ಲಿ ಕಾಂಡ ಉಬ್ಬಿರುವ ಗಿಡವನ್ನು, ಮತ್ತೊಂದರಲ್ಲಿ ಹೂವಿನ ಗೊಂಚಲು ದೊಡ್ಡದಿರುವ ಗಿಡವನ್ನು ಆರಿಸಿ ಬೀಜ ಉಳಿಸಿದರು. ಹಾಗೆ ಒಂದೇ ಮನೆಯ ಮಕ್ಕಳು ಬೇರೆ ಬೇರೆ ರೂಪ ತಾಳಿದರು. ಬ್ರೊಕೊಲಿ ಬೆಳೆದದ್ದು ಇಟಲಿಯ ಕಡೆ, ಹೆಸರೂ ಆ ಭಾಷೆಯದೇ. ನಾವು ತಿನ್ನುವುದು ಅದರ ಅರಳದ ಮೊಗ್ಗುಗಳನ್ನು. ಕೊಯ್ಯದೆ ಬಿಟ್ಟರೆ ಹಳದಿ ಹೂ ಅರಳುತ್ತದೆ, ಸಾಸಿವೆ ಹೂವಿನ ಹಾಗೆಯೇ. ಏಕೆಂದರೆ ಒಗ್ಗರಣೆಯ ಸಾಸಿವೆಯೂ ಇದೇ ಕುಟುಂಬದ್ದು.

ಇನ್ನು ಪಲ್ಯ ಮಾಡುವ ಕ್ರಮ. ನಾಲ್ಕು ಜನಕ್ಕೆ ಒಂದು ದೊಡ್ಡ ಹೂ ಸಾಕು. ಮೊಗ್ಗು ಬಿಗಿಯಾಗಿ ಕಡು ಹಸಿರಾಗಿರಬೇಕು, ಹಳದಿ ತಿರುಗಿದ್ದರೆ ಬೇಡ. ಸಣ್ಣ ಸಣ್ಣ ಹೂಗಳಾಗಿ ಬಿಡಿಸಿ, ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಬಿಡಬೇಕು. ಹಸಿರು ಹುಳುಗಳು ಹಸಿರು ಮೊಗ್ಗಿನೊಳಗೆ ಕೂತಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಉಪ್ಪುನೀರಿಗೆ ಹೊರಗೆ ಬರುತ್ತವೆ. ದಪ್ಪ ಕಡ್ಡಿಯನ್ನು ಎಸೆಯಬಾರದು. ಮೇಲಿನ ನಾರು ಸಿಪ್ಪೆ ತೆಗೆದರೆ ಒಳಗೆ ನವಿಲುಕೋಸಿನಷ್ಟೇ ರುಚಿ. ಅದನ್ನೂ ಸಣ್ಣಗೆ ಹೆಚ್ಚಿ ಸೇರಿಸಿಕೊಳ್ಳಿ.

ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ಹೂಗಳನ್ನಿಟ್ಟು ಮೂರರಿಂದ ನಾಲ್ಕು ನಿಮಿಷ ಹಬೆಯಲ್ಲಿ ಬೇಯಿಸಿ. ಬಣ್ಣ ಎಳೆ ಹುಲ್ಲಿನಂತೆ ಹೊಳೆಯತೊಡಗಿದಾಗ ತೆಗೆದುಬಿಡಿ. ಹೆಚ್ಚು ಬೆಂದರೆ ಗಿಡದೊಳಗಿನ ಆಮ್ಲ ಪತ್ರಹರಿತ್ತಿನಲ್ಲಿರುವ ಮೆಗ್ನೀಸಿಯಮ್ಮನ್ನು ಹೊರದೂಡುತ್ತದೆ, ಹಸಿರು ಹೋಗಿ ಮಾಸಲು ಬಣ್ಣ ಬರುತ್ತದೆ. ಗಂಧಕದ ಅಂಶ ಬಿಡುಗಡೆಯಾಗಿ ಮನೆಯೆಲ್ಲ ಕೋಸಿನ ವಾಸನೆ ಹಬ್ಬುತ್ತದೆ. ಮಕ್ಕಳು ಮೂಗು ಮುಚ್ಚುವುದು ಸಾಮಾನ್ಯವಾಗಿ ತರಕಾರಿಗಲ್ಲ, ಈ ವಾಸನೆಗೆ.

ಬಾಣಲೆಯಲ್ಲಿ ಎರಡು ಚಮಚ ಕಡಲೆಕಾಯಿ ಎಣ್ಣೆ. ಸಾಸಿವೆ ಸಿಡಿದ ಮೇಲೆ ಒಂದು ಚಮಚ ಉದ್ದಿನಬೇಳೆ, ಚಿಟಿಕೆ ಇಂಗು, ಎರಡು ಒಣಮೆಣಸಿನಕಾಯಿ, ಕರಿಬೇವು. ಮೊದಲು ಕಡ್ಡಿಯ ಹೋಳು ಹಾಕಿ ಒಂದು ನಿಮಿಷ ಬಾಡಿಸಿ, ಆಮೇಲೆ ಬೆಂದ ಹೂ, ಉಪ್ಪು ಹಾಕಿ. ಎರಡು ನಿಮಿಷ ಕೈಯಾಡಿಸಿ ಒಲೆ ಆರಿಸಿ. ಎರಡು ಚಮಚ ಕಡಲೆಕಾಯಿ ಬೀಜದ ಪುಡಿ, ಎರಡು ಚಮಚ ಕಾಯಿತುರಿ ಮೇಲೆ ಉದುರಿಸಿ. ಪಾವಗಡದ್ದೊಂದು ಪಾಲು, ಕೊರಟಗೆರೆಯದೊಂದು ಪಾಲು! ನಿಂಬೆರಸ ಬೇಕಿದ್ದರೆ ಬಡಿಸುವಾಗ ಹಿಂಡಿ. ಮೊದಲೇ ಹಿಂಡಿದರೆ ಅದರ ಹುಳಿಗೂ ಹಸಿರು ಮಾಸುತ್ತದೆ.

ಅಂದು ಮೊಮ್ಮಗಳು ಬೆಣ್ಣೆ ಕೇಳಲಿಲ್ಲ. ಮೊದಲು ಕಡಲೆಕಾಯಿ ಪುಡಿಯನ್ನು ಬೆರಳಿನಿಂದ ನೆಕ್ಕಿದಳು, ಆಮೇಲೆ ಎರಡನೇ ಸಲ ಬಡಿಸಿಕೊಂಡಳು. “ಅಜ್ಜಿ, ಇದನ್ನ ಇನ್ಯಾವುದಕ್ಕೆ ಹಾಕಬಹುದು?” ಎಂದು ಕೇಳಿದಳು. ಅಜ್ಜಿ ಬಹಳ ದಿನದಿಂದ ಕಾದಿದ್ದ ಪ್ರಶ್ನೆ ಅದು. ಮರುದಿನ ಹುರುಳಿಕಾಯಿಗೆ ಹಾಕಿಸಿದಳು, ಅದರ ಮರುದಿನ ನುಗ್ಗೆಸೊಪ್ಪಿಗೆ. ಮೊಮ್ಮಗಳು ಹುರುಳಿಕಾಯಿ ಪೂರ್ತಿ ತಿಂದಳು. ನುಗ್ಗೆಸೊಪ್ಪಿನಲ್ಲಿ ಅರ್ಧ ಬಿಟ್ಟಳು. ಅರ್ಧ ಜಮೆಯಾದದ್ದೇ ಲಾಭ ಎಂದುಕೊಂಡೆ.

ಬ್ರೊಕೊಲಿ ತಿನ್ನಿ ಎಂದು ನಾನು ಯಾರಿಗೂ ಒತ್ತಾಯ ಮಾಡುವುದಿಲ್ಲ. ನಾರು, ವಿಟಮಿನ್ ಸಿ, ವಿಟಮಿನ್ ಕೆ ಅದರಲ್ಲಿ ಚೆನ್ನಾಗಿವೆ, ನಿಜ. ಆದರೆ ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಂತೆ ನಮ್ಮ ನುಗ್ಗೆಸೊಪ್ಪನ್ನು ಮರೆಯಬಾರದು. ಸುಣ್ಣದ ಅಂಶದಲ್ಲಿ ಅದು ಬ್ರೊಕೊಲಿಗಿಂತ ಬಹಳ ಮುಂದೆ. ನನ್ನ ವಯಸ್ಸಿನವರಿಗೆ ಒಂದು ಮಾತು: ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಬ್ರೊಕೊಲಿಯನ್ನಾಗಲಿ, ಸೊಪ್ಪನ್ನಾಗಲಿ ಇದ್ದಕ್ಕಿದ್ದಂತೆ ಹೆಚ್ಚು ಕಡಿಮೆ ಮಾಡಬಾರದು. ಮೊದಲು ವೈದ್ಯರನ್ನು ಕೇಳಿ.

ಬ್ರೊಕೊಲಿ ಕಂಡರೆ ಆಗದ ಮಕ್ಕಳಿಗೆ ದೊಡ್ಡವರ ಜೊತೆಯೂ ಇದೆ. 1990ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್, ಚಿಕ್ಕಂದಿನಲ್ಲಿ ತಾಯಿ ಬಲವಂತವಾಗಿ ತಿನ್ನಿಸುತ್ತಿದ್ದರು, ಅಧ್ಯಕ್ಷನಾದ ಮೇಲೆ ಇನ್ನು ತಿನ್ನುವುದಿಲ್ಲ ಎಂದು ಪತ್ರಕರ್ತರ ಮುಂದೆಯೇ ಹೇಳಿಬಿಟ್ಟರು. ಬ್ರೊಕೊಲಿ ಬೆಳೆಯುವ ರೈತರು ಸುಮ್ಮನಿರಲಿಲ್ಲ, ರಾಜಧಾನಿಗೆ ಟನ್ನುಗಟ್ಟಲೆ ಬ್ರೊಕೊಲಿ ಕಳಿಸಿಕೊಟ್ಟರು! ಪಾಪ, ಅವರಿಗೆ ಒಗ್ಗರಣೆ ಹಾಕಿಕೊಡುವ ಅಜ್ಜಿ ಸಿಕ್ಕಿರಲಿಲ್ಲವೇನೋ.

ಹೊರಗಿನ ತರಕಾರಿ ನಮಗೇಕೆ ಎಂದು ನನ್ನ ಸ್ನೇಹಿತರೊಬ್ಬರು ಕೇಳಿದರು. ನಾನು ಅವರ ತಟ್ಟೆಯನ್ನೇ ಲೆಕ್ಕ ಹಾಕಿ ತೋರಿಸಿದೆ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಎಲ್ಲವೂ ಅಮೆರಿಕ ಖಂಡಗಳಿಂದ ಬಂದವು. 1492ರಲ್ಲಿ ಕೊಲಂಬಸ್ ಆ ಕಡೆ ತಲುಪುವ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದದ್ದು ಮೆಣಸು, ಎಂದರೆ ಕರಿಮೆಣಸು. ಆಮೇಲೆ ಬಂದ ಹೊಸ ಖಾರದ ಕಾಯಿಗೆ ಆ ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದು ಕರೆದು ಮನೆಯವರನ್ನಾಗಿ ಮಾಡಿಕೊಂಡೆವು. ಪಾವಗಡದ ರೈತರ ಬದುಕೇ ಆಗಿರುವ ಕಡಲೆಕಾಯಿಯ ತವರೂ ದಕ್ಷಿಣ ಅಮೆರಿಕವೇ. ನಮ್ಮ ಒಗ್ಗರಣೆ, ನಮ್ಮ ಪುಡಿ ಬಿದ್ದ ಮೇಲೆ ಇವೆಲ್ಲ ನಮ್ಮವೇ ಆದವು.

ಈಗ ಪ್ರತಿ ಭಾನುವಾರ ಬೆಂಗಳೂರಿನಿಂದ ಫೋನು ಬರುತ್ತದೆ. ಮೊಮ್ಮಗಳು ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಅಜ್ಜಿಯ ಕೈ ಬರೆಯಲಾರದು, ಆದ್ದರಿಂದ ಅಜ್ಜಿ ಹೇಳುತ್ತಾಳೆ, ಅವಳು ಬರೆದುಕೊಳ್ಳುತ್ತಾಳೆ. “ಎಷ್ಟು ಉಪ್ಪು ಅಜ್ಜಿ?” “ರುಚಿಗೆ ತಕ್ಕಷ್ಟು ಪುಟ್ಟಿ.” “ತಕ್ಕಷ್ಟು ಅಂದ್ರೆ ಎಷ್ಟು ಚಮಚ?” ಹೀಗೆ ಅರ್ಧ ಗಂಟೆ ನಡೆಯುತ್ತದೆ. ಹನ್ನೊಂದು ಪಲ್ಯಗಳಾಗಿವೆ.

ಮಕ್ಕಳೇ, ನಿಮ್ಮ ಮನೆಯಲ್ಲೂ ಅಜ್ಜಿಯೋ ತಾತನೋ ಇದ್ದರೆ, ಈ ವಾರ ಒಂದು ಪಲ್ಯ ಕೇಳಿ ಬರೆದುಕೊಳ್ಳಿ. ಯಾವ ತರಕಾರಿಯಾದರೂ ಸರಿ. ‘ತಕ್ಕಷ್ಟು’ ಎಂದರೆ ಎಷ್ಟು ಎಂದು ಬಿಡದೆ ಕೇಳಿ.