ಸಾಸ್ವೆಹಳ್ಳಿಯ ಒಂದು ಮಂತ್ರಾಲೋಚನೆ

ದಂಡಿಯು ‘ಕಾವ್ಯಾದರ್ಶ’ದಲ್ಲಿ ಮಹಾಕಾವ್ಯಕ್ಕೆ ಹೇಳಿದ ವರ್ಣನೆಗಳಲ್ಲಿ ಶೈಲ, ಋತು, ಮಂತ್ರ, ಪ್ರಯಾಣ ಎಂಬ ನಾಲ್ಕೂ ಸೇರಿವೆ. ಅಷ್ಟಾದಶವರ್ಣನೆಯ ಪಟ್ಟಿಯನ್ನು ಕಂಠಪಾಠ ಮಾಡುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಪ್ರಯಾಣದ ಮೇಲೆ ಕಣ್ಣಿಟ್ಟು ಮಂತ್ರವನ್ನು ದಾಟಿಬಿಡುತ್ತಾರೆ. ಮಂತ್ರವೆಂದರೆ ಹೊರಡುವ ಮುನ್ನ ಕುಳಿತು ನಡೆಸುವ ಆಲೋಚನೆ. ಕೌಟಿಲ್ಯನು ಅದಕ್ಕೆ ಐದು ಅಂಗಗಳನ್ನು ಹೇಳಿದ್ದಾನೆ: ಕಾರ್ಯವನ್ನು ಆರಂಭಿಸುವ ಉಪಾಯ, ಜನ ಮತ್ತು ದ್ರವ್ಯದ ಸಂಪತ್ತು, ದೇಶಕಾಲಗಳ ವಿಭಾಗ, ಒದಗಬಹುದಾದ ವಿಪತ್ತಿಗೆ ಪ್ರತೀಕಾರ, ಕಾರ್ಯಸಿದ್ಧಿ. ರಾಜಸಭೆಗಾಗಿ ಹೇಳಿದ ಈ ಮಾತು ಒಂದು ಗೃಹಸ್ಥನ ಪಡಸಾಲೆಗೂ ಎಷ್ಟು ಸಲ್ಲುತ್ತದೆಂಬುದಕ್ಕೆ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಒಂದು ಕುಟುಂಬ 2022ರಲ್ಲಿ ಚಳಿಗಾಲದ ರೈಲುಪ್ರಯಾಣಕ್ಕಾಗಿ ನಡೆಸಿದ ಆಲೋಚನೆ ಸಾಕ್ಷಿಯಾಗಿದೆ.

ಆ ಮನೆಯ ಹಿರಿಯಾಕೆಗೆ ಎಪ್ಪತ್ತು ದಾಟಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ರೈಲುಮಾರ್ಗ 1979ರಲ್ಲಿ ತೆರೆದ ಕೆಲವು ವರ್ಷಗಳ ಮೇಲೆ ಆಕೆ ಗಂಡನೊಡನೆ ಅದೇ ದಾರಿಯಲ್ಲಿ ಹೋಗಿದ್ದರು. ಆದರೆ ಅದು ರಾತ್ರಿಯ ಗಾಡಿ. ಕಿಟಕಿಯ ಹೊರಗೆ ಕಂಡದ್ದು ಕತ್ತಲೆಯೊಂದೇ. ಇನ್ನೊಮ್ಮೆ ಹಗಲಿನಲ್ಲಿ ಕರೆದೊಯ್ಯುವೆನೆಂದು ಗಂಡ ಹೇಳಿದ್ದರು. 1996ರಲ್ಲಿ ಮೀಟರ್ ಗೇಜನ್ನು ಬ್ರಾಡ್‌ಗೇಜಿಗೆ ಬದಲಿಸಲು ಮಾರ್ಗವನ್ನು ಮುಚ್ಚಲಾಯಿತು. ಸರಕುಗಾಡಿ ಓಡಲು 2006, ಪ್ರಯಾಣಿಕರ ಗಾಡಿ ಓಡಲು 2007ರ ಡಿಸೆಂಬರ್ ಬರಬೇಕಾಯಿತು. ಅಷ್ಟರಲ್ಲಿ ಮಾತು ಕೊಟ್ಟವರು ಇರಲಿಲ್ಲ. ಆಮೇಲೆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಆಕೆಯ ಕಣ್ಣಿಗೆ ಗ್ಲಾಕೋಮಾ ಬಂದಿದೆಯೆಂದು ಶಿವಮೊಗ್ಗದ ವೈದ್ಯರು ಹೇಳಿದ ಮೇಲೆ ಮಾತ್ರ ಅದು ಮತ್ತೆ ಹೊರಬಂದಿತು. ಈ ರೋಗದಲ್ಲಿ ಅಂಚಿನ ದೃಷ್ಟಿ ಮೊದಲು ಸವೆಯುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ. ಔಷಧವು ಸವೆತವನ್ನು ನಿಧಾನಗೊಳಿಸಬಲ್ಲುದು, ಅಷ್ಟೆ.

ಮೊದಲನೆಯ ಅಂಗವಾದ ಉಪಾಯದಲ್ಲಿಯೇ ಭಿನ್ನಾಭಿಪ್ರಾಯ ಹುಟ್ಟಿತು. ಸಾಸ್ವೆಹಳ್ಳಿಗೆ ರೈಲಿಲ್ಲ. ಹೊನ್ನಾಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದರೂ ಈ ಭಾಗದವರಿಗೆ ಆಸ್ಪತ್ರೆಗೂ ರೈಲಿಗೂ ಶಿವಮೊಗ್ಗವೇ ರೂಢಿ. ಅಲ್ಲಿಂದ ಭದ್ರಾವತಿ, ತರೀಕೆರೆ, ಬೀರೂರು ದಾಟಿ ಅರಸೀಕೆರೆಯಲ್ಲಿ ಇಳಿದು, ಹಾಸನಕ್ಕೆ ಹೋಗಿ ತಂಗಿ, ಮರುದಿನ ಯಶವಂತಪುರದ ಕಡೆಯಿಂದ ಬರುವ ಹಗಲಿನ ಗಾಡಿಯನ್ನು ಹಿಡಿಯಬೇಕು. ಮಗನಿಗೆ ಇದು ಸುತ್ತುಬಳಸಿನ ದಾರಿಯಾಗಿ ತೋರಿತು.

“ಕಾರಲ್ಲೇ ಹೋಗಿ ಬರೋಣ ಕಣವ್ವ, ನಿನಗೂ ಮಂಡಿನೋವು” ಎಂದರು.

“ಕಾರಿನಾಗೆ ನನಗೆ ಮುಂದಿನ ಸೀಟಿನ ಬೆನ್ನೇ ಕಾಣೋದು. ಬರೋ ವರ್ಷಕ್ಕೆ ಅದೂ ಎಷ್ಟು ಕಂಡೀತೋ” ಎಂದು ತಾಯಿ ಉತ್ತರಿಸಿದರು. ರೈಲಿನ ಪಕ್ಷಕ್ಕೆ ಇದಕ್ಕಿಂತ ಬೇರೆ ವಾದ ಬೇಕಾಗಲಿಲ್ಲ.

ದೇಶಕಾಲ ವಿಭಾಗ ಇನ್ನೂ ಕಠಿನವಾಗಿತ್ತು. ಸಕಲೇಶಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ ಸುಮಾರು 55 ಕಿ.ಮೀ. ಘಟ್ಟ, 57 ಸುರಂಗಗಳು, 50 ಮೀಟರಿಗೆ ಒಂದು ಮೀಟರ್ ಇಳಿಯುವಷ್ಟು ಕಡಿದಾದ ಹಳಿ. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ನಿಲ್ದಾಣಗಳನ್ನು ಹಾದು ಗಾಡಿ ನಿಧಾನವಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯ. 2018ರ ಆಗಸ್ಟಿನ ಕುಸಿತದಿಂದ ವಾರಗಟ್ಟಲೆ ಸಂಚಾರ ನಿಂತಿತ್ತು. ಬೇಸಗೆಗೆ ಝರಿಗಳು ಬತ್ತುತ್ತವೆ. ಮಳೆ ನಿಂತು ನೀರು ಉಳಿದಿರುವ ಹೇಮಂತವೇ ಸರಿಯಾದ ಕಾಲ. ಅದರಲ್ಲಿಯೂ ಕುಕ್ಕೆಯಲ್ಲಿ ಜನಜಂಗುಳಿ ಸೇರುವ ಮಾರ್ಗಶಿರದ ಷಷ್ಠಿಯನ್ನು ಬಿಡಬೇಕು. ಆದರೆ ಹೇಮಂತವು ತೋಟದಲ್ಲಿ ಅಡಿಕೆ ಕೊಯ್ಲಿನ ಕಾಲವೂ ಹೌದು. ರೈಲಿನ ಮುಂಗಡ ಕಾಯ್ದಿರಿಸುವಿಕೆ ಆಗ 120 ದಿನ ಮೊದಲೇ ತೆರೆಯುತ್ತಿತ್ತು. ಡಿಸೆಂಬರಿನ ಯಾವ ವಾರ ಕೊನೆ ತೆಗೆಯುವವರು ಬಂದಾರು, ಎಷ್ಟು ದಿನ ಸುಲಿತ ನಡೆದೀತು ಎಂಬುದನ್ನು ಆಗಸ್ಟಿನಲ್ಲಿ ಹೇಳಬಲ್ಲ ಕೃಷಿಕನಿಲ್ಲ.

ಇಲ್ಲಿ ದ್ರವ್ಯದ ಪ್ರಶ್ನೆ ಬಂದಿತು. ಆ ಒಂದು ಕೊಯ್ಲನ್ನು ಚೇಣಿಗೆ ಕೊಟ್ಟುಬಿಡೋಣವೆಂದು ಸೂಚಿಸಿದವರು ಸೊಸೆ. ಚೇಣಿಯೆಂದರೆ ಲಾಭದ ಒಂದು ಪಾಲು ಕೈಬಿಟ್ಟಂತೆ. ಮಗ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಚೇಣಿದಾರನಿಗೆ ತಾವೇ ಫೋನು ಮಾಡಿದರು. ಆಲೋಚನೆಯ ನಿಜವಾದ ತೀರ್ಮಾನವಾದದ್ದು ಆಗ, ಉಳಿದದ್ದು ವ್ಯವಸ್ಥೆ.

ವಿಪತ್ತಿಗೆ ಪ್ರತೀಕಾರವೆಂಬ ಅಂಗವನ್ನು ಮೊಮ್ಮಗಳು ವಹಿಸಿಕೊಂಡಳು. ಕಣ್ಣಿನ ಹನಿ, ಮಂಡಿಪಟ್ಟಿ, ಶಾಲು, ಬುತ್ತಿ ಎಂದು ಪಟ್ಟಿ ಬೆಳೆಯಿತು. ಹಗಲಿನ ಗಾಡಿಗೆ 2021ರಲ್ಲಿ ಜೋಡಿಸಿದ್ದ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, ಅದರಲ್ಲೇ ಆಸನ ಬೇಕೆಂದು ಹಟ ಹಿಡಿದವಳೂ ಅವಳೇ. ಆದರೆ ಮಂದವಾಗುತ್ತಿರುವ ಕಣ್ಣಿಗೆ ಬಿಸಿಲಿನಿಂದ ಸುರಂಗಕ್ಕೆ, ಸುರಂಗದಿಂದ ಬಿಸಿಲಿಗೆ ಹೊಂದಿಕೊಳ್ಳುವುದು ಸುಲಭವಲ್ಲ. 57 ಸಲ ಅದು ನಡೆಯಬೇಕು.

ಈ ಸಂದರ್ಭದಲ್ಲಿ ಭರತಚಕ್ರಿಯ ದಿಗ್ವಿಜಯ ನೆನಪಾಗದೆ ಇರದು. ವಿಜಯಾರ್ಧ ಪರ್ವತದ ಗುಹೆಯನ್ನು ಹೊಕ್ಕ ಸೇನೆ ಕಾಕಿಣೀರತ್ನದ ನೆರವಿನಿಂದ ಬೆಳಕು ಪಡೆದು ಆ ಕತ್ತಲೆಯನ್ನು ದಾಟಿತೆಂದು ಜೈನಪುರಾಣ ಪರಂಪರೆ ಹೇಳುತ್ತದೆ. ಅಲ್ಲಿ ಪ್ರಯಾಣಕ್ಕೆ ಗುರಿ ರಾಜ್ಯ. ಗುಹೆ ದಾಟಲೇಬೇಕಾದ ಅಡ್ಡಿ. ಇಲ್ಲಿ ಗೆಲ್ಲಬೇಕಾದದ್ದೇನೂ ಇಲ್ಲ. ನೋಡುವುದೇ ಕಾರ್ಯ, ನೋಡುವ ಶಕ್ತಿಗೆ ಅವಧಿಯಿದೆ. ಕಾವ್ಯದ ಪ್ರಯಾಣವರ್ಣನೆಗಳಲ್ಲಿ ಆನೆ, ಕುದುರೆ, ಧೂಳು, ಭೇರಿಗಳು ತುಂಬಿರುತ್ತವೆ. ಹೊರಡಲು ಮನೆಯವರನ್ನು ಒಪ್ಪಿಸಬೇಕಾದ ಒಬ್ಬ ವೃದ್ಧೆಯ ಮಂತ್ರಾಲೋಚನೆಗೆ ಅಲ್ಲಿ ಎಡೆಯಿರಲಿಲ್ಲ. ಮಂತ್ರವನ್ನು ರಾಜನೀತಿಯ ವರ್ಣನೆಯೆಂದು ಮಾತ್ರ ಓದುವ ರೂಢಿಯನ್ನು ಇಂಥ ಮನೆಗಳ ಮಾತುಕತೆ ಸ್ವಲ್ಪ ಸಡಿಲಿಸಬಲ್ಲುದು. ದೇಶ, ಕಾಲ, ದ್ರವ್ಯ, ವಿಪತ್ತು ಎಂಬ ತೂಕಗಳು ಇಲ್ಲಿಯೂ ಅವೇ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಮಾತ್ರ ರಾಜ್ಯದ ಬದಲು ಒಂದು ಹಳೆಯ ಮಾತಿದೆ.

ಡಿಸೆಂಬರಿನ ಮೂರನೆಯ ವಾರಕ್ಕೆ ಐದು ಆಸನಗಳು ದೊರೆತವು. ಮೊಮ್ಮಗಳ ಪಟ್ಟಿಗೆ ಅಜ್ಜಿ ಸೇರಿಸಿದ್ದು ಒಂದೇ ಬೇಡಿಕೆ: ಸುರಂಗ ಬರುವ ಮುಂಚೆ ಯಾರಾದರೂ ಹೇಳಬೇಕು, ಆಗ ತಾನು ಕಣ್ಣು ಮುಚ್ಚಿಕೊಂಡು, ಹೊರಬಂದೊಡನೆ ತೆರೆಯುವೆ. ಆ ಕೆಲಸ ಯಾರದೆಂದು ಮನೆಯಲ್ಲಿ ಚರ್ಚೆಯಾಗಲಿಲ್ಲ. ಕಾರಿನ ಪಕ್ಷ ವಹಿಸಿದ್ದ ಮಗನೇ ಅದರ ಮುಂದೆ ತಮ್ಮ ಹೆಸರನ್ನು ಬರೆದರು.