ಅಕ್ಕನ ತೋಟದಲ್ಲೊಂದು ರಾತ್ರಿ

ನಮ್ಮಕ್ಕನಿಗೆ ಈಗ 84 ವರ್ಷ. ಎರಡು ವರ್ಷದಿಂದ ಮೂಗಿಗೆ ಸಣ್ಣ ಕೊಳವೆ ಹಾಕಿಕೊಂಡು, ಮಂಚದ ಪಕ್ಕ ಆಕ್ಸಿಜನ್ ಮಿಷನ್ ಇಟ್ಟುಕೊಂಡು ಮಲಗುತ್ತಾಳೆ. ಸಿಲಿಂಡರ್ ಅಲ್ಲ, ಕಾನ್ಸಂಟ್ರೇಟರ್. ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು, ಅದರ ಸಾರಜನಕವನ್ನು ಹಿಡಿದಿಟ್ಟು, ಆಮ್ಲಜನಕವನ್ನು ಕೊಡುತ್ತದೆ. ಕೋವಿಡ್ ಕಾಲದಲ್ಲಿ ನಮಗೆಲ್ಲ ಪರಿಚಯವಾದ ಯಂತ್ರ. ಅದಕ್ಕೆ ಅನ್ನ ನೀರು ಎಲ್ಲ ಕರೆಂಟೇ.

ಕಳೆದ ವರ್ಷ, ಅಂದರೆ 2025ರ ಜನವರಿಯಲ್ಲಿ, ಸಂಕ್ರಾಂತಿ ಎಳ್ಳು ಬೀರಲು ಹೋದಾಗ ಅವಳು ನನ್ನ ಕೈ ಹಿಡಿದುಕೊಂಡು, "ಲೋ, ನನ್ನನ್ನ ಒಂದು ಸಲ ತೋಟಕ್ಕೆ ಕರ್ಕೊಂಡು ಹೋಗೋ. ಒಂದು ರಾತ್ರಿ ಅಲ್ಲೇ ಮಲಗ್ಬೇಕು" ಅಂದಳು.

ತೋಟವಿರುವುದು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಒಳಕ್ಕೆ. ಭಾವ ಬದುಕಿದ್ದಾಗ ಕೈಯಾರೆ ನೆಟ್ಟ ಮಾವಿನ ಮರಗಳು. ಮನೆ ಇಲ್ಲ, ಒಂದು ಪಂಪ್‌ಹೌಸು ಮಾತ್ರ. ತೆರೆದ ಬಾವಿ ಬತ್ತಿ ಮೂವತ್ತು ವರ್ಷವಾಯಿತು. ನಮ್ಮ ಕಡೆ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಹೋಗುತ್ತವಲ್ಲ, ಇವರ ಬೋರೂ ಹಾಗೇ ಹೋಗಿ, ಆಮೇಲೆ ನಿಂತುಹೋಯಿತು. ತ್ರೀಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ ಬರುತ್ತದೆ, ಅದೂ ಅದಕ್ಕೆ ತೋಚಿದಾಗ. ಅಲ್ಲಿ ರಾತ್ರಿಯಿಡೀ ಮಿಷನ್ ಓಡಿಸುವುದು ಹೇಗೆ?

ಮಗ ಒಂದು ದಾರಿ ಹುಡುಕಿದ. ಬೆಂಗಳೂರಿನಲ್ಲಿ ಕ್ಯಾರವಾನ್ ಬಾಡಿಗೆಗೆ ಸಿಗುತ್ತದೆ. ಹಾಸಿಗೆ, ಶೌಚಾಲಯ, ಸಣ್ಣ ಅಡುಗೆ ಕಟ್ಟೆ ಎಲ್ಲ ಇರುವ ವ್ಯಾನು. ಅಮೆರಿಕದಲ್ಲಿ ಇದನ್ನು ಆರ್.ವಿ. ಅನ್ನುತ್ತಾರಂತೆ, ನಿವೃತ್ತರಾದವರು ಅದರಲ್ಲೇ ಊರೂರು ಸುತ್ತುತ್ತಾರಂತೆ. ನಾನು ನಿವೃತ್ತನಾದಾಗ ನನಗೆ ಸಿಕ್ಕಿದ್ದು ಒಂದು ಗೋಡೆ ಗಡಿಯಾರ. ಇರಲಿ. ಆ ವ್ಯಾನಿನಲ್ಲಿ ಇನ್ವರ್ಟರ್, ಬ್ಯಾಟರಿ ಇದ್ದವು. ಹೊರಗಿನಿಂದ ಕರೆಂಟು ಕೊಡಲು ಪಕ್ಕದಲ್ಲಿ ಒಂದು ಸಾಕೆಟ್ಟೂ ಇತ್ತು. ಜನರೇಟರು ಮಾತ್ರ ನಾವೇ ತರಬೇಕು. ಡಾಕ್ಟರರು, ಜೊತೆಗೊಂದು ತುಂಬಿದ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡರೆ ಹೋಗಿಬನ್ನಿ ಎಂದರು.

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರ್ ಬರೆದವನು ನಾನು. ಹಳೇ ನೋಟ್‌ಬುಕ್ ತೆಗೆದೆ. ಆಕ್ಸಿಜನ್ ಮಿಷನ್ 350 ವ್ಯಾಟ್. ಫ್ಯಾನು 50. ಎರಡು ಎಲ್‌ಇಡಿ ಬಲ್ಬು 18. ಮೊಬೈಲ್ ಚಾರ್ಜರುಗಳು 20. ಒಟ್ಟು 438. ನನ್ನ ಹೆಂಡತಿ ಎಲೆಕ್ಟ್ರಿಕ್ ಕೆಟಲ್ ಕೂಡ ಸೇರಿಸಿ ಅಂದಳು. ಅದರ ತಳ ತಿರುಗಿಸಿ ನೋಡಿದರೆ 1500! ಅಕ್ಕನ ಮಿಷನ್ನಿನಂಥ ನಾಲ್ಕು ಮಿಷನ್ನು ತಿನ್ನುವಷ್ಟನ್ನು ಒಂದು ಲೋಟ ಕಾಫಿಗೆ ಕೊಡಲಾಗದು, ಫ್ಲಾಸ್ಕ್‌ನಲ್ಲಿ ತೊಗೋ ಎಂದೆ.

ಇನ್ನು ಬ್ಯಾಟರಿ. 12 ವೋಲ್ಟ್, 150 ಆಂಪಿಯರ್-ಅವರ್. ಎರಡನ್ನೂ ಗುಣಿಸಿದರೆ 1800. ಉಳಿತಾಯ ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಇರುವಂತೆ ಬ್ಯಾಟರಿಯನ್ನೂ ಪೂರ್ತಿ ಬರಿದು ಮಾಡುವಂತಿಲ್ಲ. 438 ವ್ಯಾಟಿಗೆ ಹೆಚ್ಚೆಂದರೆ ಮೂರು ಗಂಟೆ ಬಂದೀತು. ರಾತ್ರಿಯೋ ಹತ್ತು ಗಂಟೆ ಉದ್ದ.

1 ಕೆವಿಎ ಜನರೇಟರು ಸಾಕು, 800 ವ್ಯಾಟ್ ಕೊಡುತ್ತದೆ, ನಮ್ಮ ಲೆಕ್ಕಕ್ಕೆ ಹತ್ತಿರ ಹತ್ತಿರ ಎರಡರಷ್ಟು ಎಂದು ಶಾಮಿಯಾನದ ಅಂಗಡಿಯಿಂದ ಒಂದನ್ನು ಬಾಡಿಗೆಗೆ ತಂದೆ. ವ್ಯಾನು ಬಂದ ದಿನ ಚಿಕ್ಕಬಳ್ಳಾಪುರದ ನಮ್ಮ ಮನೆ ಮುಂದೆ ಟ್ರಯಲ್ ನೋಡಿದೆವು. ಸದ್ಯ, ನೋಡಿದೆವು! ಹತ್ತು ನಿಮಿಷ ಎಲ್ಲ ಸರಿ. ಆಮೇಲೆ ಎಂಜಿನ್ ಏದುಸಿರು ಬಿಟ್ಟಿತು, ಬಲ್ಬು ಮಂಕಾಯಿತು, ಮಿಷನ್ನು ಕೀಂ ಕೀಂ ಎಂದು ಕೂಗತೊಡಗಿತು.

ನಮ್ಮ ಎಲೆಕ್ಟ್ರಿಷಿಯನ್ ಮೀಟರ್ ಹಚ್ಚಿ ನೋಡಿದರು. 230 ಇರಬೇಕಾದ ವೋಲ್ಟೇಜು 180ಕ್ಕೂ ಕೆಳಗೆ. "ಸಾರ್, ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗೋಕೆ ಒಂದು 500 ವ್ಯಾಟ್ ಎಳೀತಾ ಇದೆ. ಅದನ್ನ ಲೆಕ್ಕಕ್ಕೆ ಹಿಡಿದ್ರಾ?" ಎಂದರು.

ಹಿಡಿದಿರಲಿಲ್ಲ. ಒಂದು ಎಂಟ್ರಿಯನ್ನೇ ಬಿಟ್ಟಿದ್ದೆ. ಅದು ಸೇರಿದರೆ 938. ಅದರ ಮೇಲೆ, ಮಿಷನ್ನಿನೊಳಗಿನ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಎಷ್ಟೋ ಪಟ್ಟು ಹೆಚ್ಚು ಎಳೆಯುತ್ತದೆ. ಬಾವಿಯಿಂದ ತುಂಬಿದ ಕೊಡ ಎತ್ತುವಾಗ ಮೊದಲ ಎಳೆತವೇ ಕಷ್ಟವಲ್ಲವೇ, ಹಾಗೆ.

ಕೊನೆಗೆ 2 ಕೆವಿಎಯ ಪೆಟ್ರೋಲ್ ಜನರೇಟರು ತಂದೆವು, ಇನ್ವರ್ಟರ್ ಜನರೇಟರ್ ಎನ್ನುವ ಬಗೆಯದು. ಮಾಮೂಲಿ ಜನರೇಟರಿನಲ್ಲಿ ಎಂಜಿನ್ ತಿರುಗುವ ವೇಗ ಏರುಪೇರಾದರೆ ಕರೆಂಟೂ ಏರುಪೇರಾಗುತ್ತದೆ. ಇದರೊಳಗಿನ ಸರ್ಕೀಟು ಅದನ್ನು ತಿದ್ದಿ, ಮನೆಗೆ ಬರುವಂಥದೇ ಹದವಾದ 50 ಹರ್ಟ್ಸ್ ಕರೆಂಟು ಕೊಡುತ್ತದೆ. ಲೋಡು ಕಡಿಮೆಯಾದರೆ ಎಂಜಿನ್ ತಾನೇ ನಿಧಾನವಾಗುತ್ತದೆ, ಸದ್ದೂ ಕಡಿಮೆ. ಬೆಲೆ ಜಾಸ್ತಿ. ಈ ಖರ್ಚಿಗೆ ಮಾತ್ರ ನಾನು ಚೌಕಾಸಿ ಮಾಡಲಿಲ್ಲ.

ವೈರು ಜೋಡಿಸುವ ವಿಷಯ ಬಂದಾಗ ನಾನು ಎಲೆಕ್ಟ್ರಿಷಿಯನ್ ಪಕ್ಕದಿಂದ ಏಳಲಿಲ್ಲ. ಅದಕ್ಕೆ ಕಾರಣವಿದೆ, ಮೊಮ್ಮಗಳಿಗೆ ಆ ದಿನವೇ ಮೊದಲ ಸಲ ಹೇಳಿದೆ. 1990ರ ದಶಕದಲ್ಲಿ ನನಗೆ ಶಿಡ್ಲಘಟ್ಟಕ್ಕೆ ವರ್ಗವಾಗಿತ್ತು. ವಿಪರೀತ ಲೋಡ್‌ಶೆಡ್ಡಿಂಗ್. ಮಗನಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಒಂದು ಸೀಮೆಎಣ್ಣೆ ಜನರೇಟರು ತಂದು, ಎರಡೂ ತುದಿಗೆ ಪ್ಲಗ್ಗು ಕಟ್ಟಿದ ವೈರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿಬಿಟ್ಟೆ. ಮನೆಯೆಲ್ಲ ಬೆಳಕು! ಮೇನ್ ಸ್ವಿಚ್ ಆಫ್ ಮಾಡುವುದನ್ನು ಮರೆತಿದ್ದೆ. ನಮ್ಮ ಮನೆಯ ಕರೆಂಟು ಹಿಂದಕ್ಕೆ ಹರಿದು ಬೀದಿಯ ಕಂಬಕ್ಕೆ ಹೋಗಿದೆ. ಕೆ.ಇ.ಬಿ. ಲೈನ್‌ಮನ್ ಅದೇ ಕಂಬ ಹತ್ತಿದ್ದಾರೆ. ಪುಣ್ಯಕ್ಕೆ ತಂತಿ ಮುಟ್ಟುವ ಮೊದಲು ಟೆಸ್ಟರ್ ಹಿಡಿದರು, ಉರಿಯಿತು. ಇಳಿದು ಬಂದು ಬಾಗಿಲು ತಟ್ಟಿದರು. ಬಯ್ಯಲಿಲ್ಲ. "ನಂಗೂ ಇಬ್ಬರು ಮಕ್ಕಳಿದಾರೆ ಸಾರ್" ಎಂದಷ್ಟೇ ಹೇಳಿದರು. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. 11,000 ವೋಲ್ಟನ್ನು 230ಕ್ಕೆ ಇಳಿಸುವಂತೆ, ತಿರುಗಿ ಬಂದ 230ನ್ನು 11,000ಕ್ಕೆ ಏರಿಸಿಬಿಡಬಲ್ಲದು. ಬಿ.ಕಾಂ. ಓದಿದ ನನಗೆ ಇದು ಗೊತ್ತಾದದ್ದು ಆ ರಾತ್ರಿ.

ಹಾಗಾಗಿ ಈ ಸಲ ಚೇಂಜ್‌ಓವರ್ ಸ್ವಿಚ್ ಇದೆಯೋ ಎಂದು ಎರಡು ಸಲ ಕೇಳಿದೆ. ಆ ಸ್ವಿಚ್ಚಿದ್ದರೆ ಒಂದು ಹೊತ್ತಿಗೆ ಒಂದೇ ಕಡೆಯ ಕರೆಂಟು, ಹೊರಗಿನದು ಇಲ್ಲವೇ ಬ್ಯಾಟರಿಯದು. ವ್ಯಾನಿನಲ್ಲಿ ಇತ್ತು. ಎಲೆಕ್ಟ್ರಿಷಿಯನ್ 15 ಮೀಟರಿನ ದಪ್ಪ ವೈರು ಕೊಟ್ಟು, ಸುರುಳಿ ಪೂರ್ತಿ ಬಿಚ್ಚಿಯೇ ಹಾಕಿ, ಸುತ್ತಿಟ್ಟರೆ ಬಿಸಿಯಾಗುತ್ತೆ ಎಂದು ಹೇಳಿಕೊಟ್ಟರು.

ದೂರ ಇಡುವ ಕಾರಣ ಬೇರೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಇಬ್ಬರು ತೀರಿಕೊಂಡದ್ದನ್ನು ಪತ್ರಿಕೆಯಲ್ಲಿ ಓದಿದ್ದೆವು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕ ಕೂರಬೇಕಾದ ಜಾಗವನ್ನು ರಕ್ತದಲ್ಲಿ ಅದು ತಾನು ಹಿಡಿದುಬಿಡುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಆ ಅನಿಲವನ್ನು ಅಳೆದು ಕೂಗುವ ಅಂಗೈಯಗಲದ ಅಲಾರಂ ಒಂದನ್ನು ಮಗ ತರಿಸಿದ. ಏಳನೇ ಕ್ಲಾಸಿನ ಮೊಮ್ಮಗಳಿಗೆ ಅದರ ಉಸ್ತುವಾರಿ. ಗಂಟೆಗೊಮ್ಮೆ ನೋಡಿ, ಅಂಕಿ ಬರೆದಿಡಬೇಕು. ನನ್ನ ನೋಟ್‌ಬುಕ್ಕನ್ನೇ ಕೊಟ್ಟೆ.

ಮಾಘಮಾಸ. ಬೆಳಿಗ್ಗೆ ಅಕ್ಕನಿಗೆ ಗೌರಿಬಿದನೂರಿನಲ್ಲಿ ನಾವು ಹುಟ್ಟಿದ ಬೀದಿ ತೋರಿಸಿದೆವು. ಮನೆ ಇದ್ದಲ್ಲಿ ಈಗ ಅಂಗಡಿಗಳ ಸಾಲು, ಅವಳು ಗಾಜಿನೊಳಗಿಂದ ನೋಡಿ ಸುಮ್ಮನಾದಳು. ತೋಟ ಸೇರಿದಾಗ ಸಂಜೆ. ಮರಗಳೆಲ್ಲ ಹೂ ತುಂಬಿಕೊಂಡು ನಿಂತಿದ್ದವು. ಕಿಟಕಿ ತೆಗಿಸಿ, ಆ ಗಮಲನ್ನು ಕುಡಿಯುತ್ತ ಮಲಗಿದಳು.

ಗಾಳಿ ಬೀಸುವ ದಿಕ್ಕು ನೋಡಿ, ಹೊಗೆ ಅತ್ತ ಹೋಗುವಂತೆ, ವ್ಯಾನಿನಿಂದ ನಲವತ್ತು ಅಡಿ ದೂರದ ಬಯಲಿನಲ್ಲಿ ಜನರೇಟರು ಇಟ್ಟಿದ್ದೆವು. ನಾನು ಕಂಬಳಿ ಹೊದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ, ಹೊಲ ಕಾಯುವವನ ಹಾಗೆ. ಹನ್ನೊಂದಕ್ಕೆ ಆಫ್ ಮಾಡಿ, ಎಂಜಿನ್ ಆರುವ ತನಕ ಕಾದು, ಪೆಟ್ರೋಲ್ ಹಾಕಿದೆವು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚೆಲ್ಲಿದರೆ ಕೆಟ್ಟಿತು. ಅಷ್ಟು ಹೊತ್ತು ಬ್ಯಾಟರಿ ನಡೆಸಿತು, ಅಕ್ಕನಿಗೆ ಗೊತ್ತೇ ಆಗಲಿಲ್ಲ.

ಮೂರು ಗಂಟೆಗೆ ವ್ಯಾನಿನ ಬಾಗಿಲು ತೆರೆಯಿತು. ಮೊಮ್ಮಗಳು, ಕೈಯಲ್ಲಿ ಟಾರ್ಚು ಮತ್ತು ನೋಟ್‌ಬುಕ್ಕು.

"ತಾತ, ಇಷ್ಟು ಹೊತ್ತೂ ಸೊನ್ನೆ ಇತ್ತು. ಈಗ ಹದಿನೆಂಟು."

ಅಲಾರಂ ಇನ್ನೂ ಕೂಗಿರಲಿಲ್ಲ, ಅದು ಕೂಗುವ ಮಟ್ಟ ಇನ್ನೂ ಮೇಲಿತ್ತು. ಎದ್ದು ನಿಂತೆ. ಕಂಬಳಿಯ ಅಂಚು ವ್ಯಾನಿನ ಕಡೆಗೆ ಹಾರುತ್ತಿತ್ತು. ಗಾಳಿ ತಿರುಗಿತ್ತು, ನಾನು ಅಲ್ಲೇ ಕೂತಿದ್ದರೂ ತೂಕಡಿಸಿದ್ದೆ. ಜನರೇಟರು ನಿಲ್ಲಿಸಿದೆ. ಮಗನನ್ನು ಎಬ್ಬಿಸಿ, ಇಬ್ಬರೂ ಅದನ್ನು ಎತ್ತಿಕೊಂಡು ವ್ಯಾನಿನ ಆಚೆ ಬದಿಗೆ, ಬತ್ತಿದ ಬಾವಿಯ ಹತ್ತಿರಕ್ಕೆ ಒಯ್ದೆವು. ಎಲ್ಲ ಕಿಟಕಿ ತೆಗೆದೆವು. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ವೈರನ್ನು ಮಗನೇ ಸಿಕ್ಕಿಸಿದ. ಮೊಮ್ಮಗಳು ಒಳಗಿಂದ ಓದಿ ಹೇಳುತ್ತಿದ್ದಳು, "ಹನ್ನೆರಡು... ಐದು... ಸೊನ್ನೆ ತಾತ." ಸೊನ್ನೆ ಎನ್ನುವ ಅಂಕಿಯನ್ನು ಅಷ್ಟು ಪ್ರೀತಿಯಿಂದ ನಾನು ಯಾವತ್ತೂ ಟ್ಯಾಲಿ ಮಾಡಿರಲಿಲ್ಲ.

ಬೆಳಗಾಯಿತು. ಫ್ಲಾಸ್ಕಿನ ಕಾಫಿ ಬಗ್ಗಿಸಿ ಅಕ್ಕನ ಕೈಗೆ ಕೊಟ್ಟೆ. ಮುಖ ಗೆಲುವಾಗಿತ್ತು.

"ಚೆನ್ನಾಗಿ ನಿದ್ದೆ ಬಂತಾ ಅಕ್ಕ?"

"ಬಂತೋ. ಬೆಳಗಿನ ಜಾವ ಒಂದು ಸಲ ಎಚ್ಚರ ಆಗಿತ್ತು. ಬಾವಿ ಕಡೆಯಿಂದ ಮೋಟರ್ ಸದ್ದು ಕೇಳ್ತಾ ಇತ್ತು." ಒಂದು ಗುಟುಕು ಕುಡಿದಳು. "ನೀರು ಬಂದಿರಬೇಕು, ನಿಮ್ಮ ಭಾವ ಎದ್ದು ಮಡಿ ಕಟ್ಟೋಕೆ ಹೋಗಿದಾರೆ ಅಂತ ಅಂದ್ಕೊಂಡು ಹಾಗೇ ಮಲಗಿಬಿಟ್ಟೆ."

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಅಕ್ಕನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.