ಎಡೆದೊರೆಯವರು ಯಾರ ಕಡೆ?

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ನಮ್ಮ ರಾಯಚೂರು, ದೇವದುರ್ಗ, ಮಾನ್ವಿ. ಫಾರಸಿ ಬಲ್ಲವರು ಈ ನಾಡನ್ನು ದೋಆಬ್ ಎಂದರು. ಅದಕ್ಕೂ ಮೊದಲೇ ಕನ್ನಡಿಗರು ಎಡೆದೊರೆ ಎಂದು ಕರೆದಿದ್ದರು. ತೊರೆಗಳ ಎಡೆಯ ನಾಡು. ಹೆಸರೇನೋ ತಂಪಾಗಿದೆ; ಆದರೆ ಎರಡು ಹೊಳೆಗಳ ನಡುವಿನ ನೆಲವು ಎರಡು ರಾಜ್ಯಗಳ ನಡುವಿನ ನೆಲವೂ ಆಗಿಬಿಟ್ಟಿತು.

1520ರಲ್ಲಿ ಕೃಷ್ಣದೇವರಾಯ ಬಿಜಾಪುರದವರಿಂದ ರಾಯಚೂರನ್ನು ಗೆದ್ದ. 1565ರ ಜನವರಿಯಲ್ಲಿ ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರುಗಳು ಒಂದಾಗಿ ವಿಜಯನಗರವನ್ನು ಮುರಿದವು. ಇದು ಎರಡು ಮತಗಳ ಯುದ್ಧ ಎಂದು ಹೇಳಿ ಪುಸ್ತಕ ಮುಚ್ಚುವುದು ಸುಲಭ. ಆದರೆ ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹ, ಪಟ್ಟವೇರುವ ಮುನ್ನ ಏಳು ವರ್ಷ ವಿಜಯನಗರದ ಅನ್ನ ಉಂಡವನು. ಮಗನನ್ನು ಕಳೆದುಕೊಂಡ ರಾಮರಾಯನನ್ನು ಸಂತೈಸಲು ಬಿಜಾಪುರದ ಅಲಿ ಆದಿಲ್‌ಶಾಹ ತಾನೇ ಹೋಗಿದ್ದನೆಂದು ಫೆರಿಷ್ತಾ ಬರೆದಿದ್ದಾನೆ. ಅವರಿಬ್ಬರೂ ಕೂಡಿ ಅಹಮದನಗರದ ಮೇಲೆ ದಂಡೆತ್ತಿದ್ದೂ ಉಂಟು. ಮುಂದೆ ಅದೇ ಅಹಮದನಗರದ ಚಾಂದ್‌ಬೀಬಿ ಅಲಿಯ ಕೈಹಿಡಿದಳು. ಸೊಲ್ಲಾಪುರ ಬಳುವಳಿಯಾಗಿ ಬಂತು. ಹಗೆತನ ಹೋಗಿ ಬೀಗತನವಾಯಿತು. ರಾಮರಾಯನ ತಲೆ ಉರುಳಿತು. ರಾಯಚೂರು, ಮುದಗಲ್ಲು ಬಿಜಾಪುರದ ಪಾಲಾದವು.

ಪುರಾತನ ಗ್ರೀಸಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕ್ರಿ.ಪೂ. 404ರಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಶರಣಾದಾಗ, ಆ ಊರನ್ನೇ ಅಳಿಸಿಬಿಡಿ ಎಂದು ಒತ್ತಾಯಿಸಿದವರು ಸ್ಪಾರ್ಟಾದ ಗೆಳೆಯರಾದ ಕೊರಿಂಥದವರು, ಥೀಬ್ಸಿನವರು. ಸ್ಪಾರ್ಟಾ ಒಪ್ಪಲಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ, ನೆಮಿಯಾ ಹೊಳೆಯ ಬಳಿ, ಅದೇ ಕೊರಿಂಥ್, ಅದೇ ಥೀಬ್ಸ್, ಅಥೆನ್ಸಿನ ಪಕ್ಕದಲ್ಲಿ ನಿಂತು ಸ್ಪಾರ್ಟಾದೊಡನೆ ಕಾದಿದವು! ಶತ್ರು ಬಿದ್ದೊಡನೆ ಮಿತ್ರರಿಗೆ ಮಿತ್ರರೇ ಬೇಡವಾಗುತ್ತಾರೆ.

ನಮ್ಮಲ್ಲೂ ಅಷ್ಟೆ. ಬೀದರನ್ನು 1619ರಲ್ಲಿ ನುಂಗಿದ್ದು ಬಿಜಾಪುರವೇ. ಕಡೆಗೆ ಉತ್ತರದಿಂದ ಬಂದವರು ಎಲ್ಲರನ್ನೂ ನುಂಗಿದರು: ಗ್ರೀಕರನ್ನು ಫಿಲಿಪ್, ದಖ್ಖನಿನವರನ್ನು ಮೊಗಲರು. ಬಿಜಾಪುರ 1686ರಲ್ಲಿ ಬಿತ್ತು, ಗೋಲ್ಕೊಂಡ ಮರುವರ್ಷ.

ಒಮ್ಮೆ ತರಗತಿಯಲ್ಲಿ ಹುಡುಗನೊಬ್ಬ ಎದ್ದುನಿಂತು, "ಆವಾಗ ನಮ್ಮೂರು ಯಾರ ಕಡೆ ಇತ್ರೀ ಸರ್?" ಎಂದು ಕೇಳಿದ. ಉಳಿದವರೂ ಕಿವಿ ನಿಮಿರಿಸಿದರು. ಒಂದು ಹೆಸರು ಹೇಳಿದ್ದರೆ ಅರ್ಧ ತರಗತಿ ಗೆಲ್ಲುತ್ತಿತ್ತು, ಅರ್ಧ ಸೋಲುತ್ತಿತ್ತು. ಒಂದೇ ಬೆಂಚಿನ ಹುಡುಗರು ಎರಡು ದಂಡಾಗುತ್ತಿದ್ದರು. "ಕಡೆ ಇದ್ದದ್ದು ಕೋಟೆಗಳಿಗಪ್ಪಾ. ಕೋಟೆ ಯಾರದೋ, ಕಂದಾಯ ಅವರಿಗೆ. ದಂಡು ತುಳಿದ ಹೊಲ ಮಾತ್ರ ನಮ್ಮದು" ಎಂದೆ.

ದಂಡುಗಳೆಲ್ಲ ಹೋದ ಮೇಲೆ, ಹದಿನೆಂಟನೆಯ ಶತಮಾನದಲ್ಲಿ, ಈ ಮಾನ್ವಿ ಸೀಮೆಯಲ್ಲೇ ಹುಟ್ಟಿದ ಜಗನ್ನಾಥದಾಸರು ಹರಿಕಥಾಮೃತಸಾರವನ್ನು ರಚಿಸಿದರು. ರಾಯಚೂರಿಗಾಗಿ ಕಾದಾಡಿದ ಅರಸರ ಹೆಸರು ಪರೀಕ್ಷೆಗೆ ಬೇಕು. ದಾಸರ ಪದ ಮನೆಮನೆಯ ಬಾಯಲ್ಲಿದೆ. ಎರಡು ಹೊಳೆಗಳ ಎಡೆಯಲ್ಲಿದ್ದೂ ಯಾರ ಕಡೆಯೂ ಆಗದೆ ಉಳಿದದ್ದು ಅದೊಂದೇ.